‘ಪಠ್ಯಕ್ರಮ ಅಭಿವೃದ್ಧಿ ತಂತ್ರಾಂಶ’ — ಫಲಕಕ್ಕೆ ಪದ ಬೇಕು (ತುರ್ತು)

ಮಾನ್ಯರೇ,

ಸೇನಾ ಭರ್ತಿಗೆ ಹುಡುಗರನ್ನು ಅಣಿಗೊಳಿಸುವ, ನಿವೃತ್ತ ಸೈನಿಕರು ಧಾರವಾಡದಲ್ಲಿ ನಡೆಸುತ್ತಿರುವ ಸಂಸ್ಥೆಯೊಂದಕ್ಕೆ ನಾನು ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ. ಇಷ್ಟು ದಿನ ವಹಿಗಳಲ್ಲಿ ಬರೆದಿಡುತ್ತಿದ್ದ ಪಾಠಯೋಜನೆಗಳನ್ನು ಇನ್ನು ಮುಂದೆ ಕಂಪ್ಯೂಟರಿನಲ್ಲೇ ಹೊಂದಿಸಲು ಅವರು ‘ಕರಿಕ್ಯುಲಮ್ ಡೆವಲಪ್‌ಮೆಂಟ್ ಸಾಫ್ಟ್‌ವೇರ್’ ಒಂದನ್ನು ತರಿಸಿಕೊಂಡಿದ್ದಾರೆ. ಅದನ್ನು ಇರಿಸಿದ ಕೋಣೆಯ ಬಾಗಿಲಿಗೊಂದು ಫಲಕ, ಕೈಪಿಡಿಯ ಮೊದಲ ಅಧ್ಯಾಯಕ್ಕೊಂದು ಶೀರ್ಷಿಕೆ ಬೇಕಾಗಿವೆ. ನಾನು ಬರೆದುಕೊಂಡಿರುವುದು ‘ಸೇನಾ ತರಬೇತಿ ಪಠ್ಯಕ್ರಮ ಅಭಿವೃದ್ಧಿ ತಂತ್ರಾಂಶ ಅಳವಡಿಕೆ’ ಎಂದು. ಆರು ಪದಗಳು ಒಂದು ವಿಭಕ್ತಿ ಪ್ರತ್ಯಯವೂ ಇಲ್ಲದೆ ಗೂಡ್ಸ್ ಗಾಡಿಯ ಡಬ್ಬಿಗಳಂತೆ ನಿಂತಿವೆ. ಇದರ ಇಂಗ್ಲಿಷ್ ರೂಪವನ್ನು ಯಂತ್ರಾನುವಾದಕ್ಕೆ ಕೊಟ್ಟು ನೋಡಿದರೆ ಕೊನೆಯ ಪದವಾದ ‘ಅಡಾಪ್ಷನ್’ ‘ದತ್ತು ಸ್ವೀಕಾರ’ ಎಂದು ಬಂತು. ನಾಳೆ ಮಧ್ಯಾಹ್ನದೊಳಗೆ ಫ್ಲೆಕ್ಸ್ ಅಂಗಡಿಗೆ ಕಳಿಸಬೇಕಾಗಿರುವುದರಿಂದ ಬೇಗ ತಿಳಿಸಿದರೆ ಉಪಕಾರವಾಗುತ್ತದೆ.

ಗದಗದಿಂದ

‘ದತ್ತು’ ಎಂಬುದನ್ನು ಮೊದಲು ಅಳಿಸಿಹಾಕಿ. ದತ್ತು ತೆಗೆದುಕೊಳ್ಳಲು ಬ್ರಿಟಿಷರ ಅನುಮತಿ ಸಿಗದೆ 1858ರಲ್ಲಿ ಅಲ್ಲಿನ ಅರಸ ಬಾಬಾಸಾಹೇಬರು ಬಂಡೆದ್ದ ನರಗುಂದ ನಮ್ಮ ಜಿಲ್ಲೆಯಲ್ಲೇ ಇದೆ. ಸೈನಿಕರ ಸಂಸ್ಥೆಯ ಬಾಗಿಲಿಗೆ ಆ ಪದವನ್ನು ತೂಗುಹಾಕಿದರೆ ಓದುವವರಿಗೆ ಬೇರೆಯದೇ ನೆನಪಾದೀತು.

‘ಅಳವಡಿಕೆ’ಯ ವಿಷಯಕ್ಕೆ ಬರುತ್ತೇನೆ. ಇದು ಅಳವು ಮತ್ತು ಪಡು ಸೇರಿ ಆದದ್ದು. ಕೈಪಿಡಿ ಕೈವಿಡಿಯಾದಂತೆ ಇಲ್ಲಿಯೂ ಪಕಾರ ವಕಾರವಾಗಿದೆ. ಅಳವಿಗೆ, ಅಂದರೆ ಅಳತೆಗೆ, ಒಳಪಡುವುದೇ ಅಳವಡುವುದು. ತಾನಾಗಿ ಹೊಂದಿಕೊಂಡರೆ ಅಳವಡಿಕೆ, ಇನ್ನೊಬ್ಬರು ತಂದು ಹೊಂದಿಸಿದರೆ ಅಳವಡಿಸುವಿಕೆ. ತಂತ್ರಾಂಶವು ತಾನಾಗಿಯೇ ನಡೆದು ಬಂದು ನಿಮ್ಮ ಕೋಣೆಯಲ್ಲಿ ಕುಳಿತಿಲ್ಲವಾದ್ದರಿಂದ ಎರಡನೆಯದೇ ಸಾಧು. ಪತ್ರಿಕೆಗಳು ಹೇಗೆ ಬರೆಯುತ್ತವೆ ಎಂಬುದನ್ನು ದಯವಿಟ್ಟು ಆಧಾರವಾಗಿ ಕೊಡಬೇಡಿ.

‘ತರಬೇತಿ’ಯೂ ಕನ್ನಡವಲ್ಲ. ಅರಬ್ಬಿಯ ತರ್ಬಿಯತ್ ಮೊದಲು ಫಾರಸಿಗೆ, ಅಲ್ಲಿಂದ ನಮ್ಮಲ್ಲಿಗೆ ಬಂದು ಹೀಗಾಗಿದೆ. ‘ಸೈನಿಕ ಶಿಕ್ಷಣ’ ಎನ್ನಿ.

ಹುಬ್ಬಳ್ಳಿಯಿಂದ

ತರಬೇತಿಯನ್ನು ಫಾರಸಿಯೆಂದು ಹೊರಗೆ ಹಾಕುವ ಹಿರಿಯರು, ಅದೇ ಸಂಸ್ಥೆಯಲ್ಲಿ ಪಾಠ ಹೇಳುವ ಸುಬೇದಾರರನ್ನೂ ಹವಾಲ್ದಾರರನ್ನೂ ಎಲ್ಲಿಗೆ ಕಳಿಸುತ್ತಾರೆಂದು ತಿಳಿಯಲಿಲ್ಲ. ಶಿಕ್ಷಣವೂ ಶಿಕ್ಷೆಯೂ ಒಂದೇ ಧಾತುವಿನವು. ಮೈದಾನದಲ್ಲಿ ತಪ್ಪು ಹೆಜ್ಜೆ ಇಟ್ಟ ಹುಡುಗನಿಗೆ ಇವೆರಡರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲವೆಂಬುದು ಬೇರೆ ಮಾತು.

ನನ್ನನ್ನು ಕೇಳಿದರೆ ‘ತಾಲೀಮು’ ಎನ್ನಬೇಕು. ಅರಬ್ಬಿಯಲ್ಲಿ ಅದಕ್ಕೆ ಕಲಿಸುವುದು ಎಂದೇ ಅರ್ಥ. ನಮ್ಮ ಭಾಗದಲ್ಲಿ ಗರಡಿಯ ಪೈಲ್ವಾನರೂ ನಾಟಕದ ಕಲಾವಿದರೂ ಅದನ್ನು ಮೈಗೂಡಿಸಿಕೊಂಡು, ಮಾಡಿ ಮಾಡಿ ಕಲಿಯುವುದು ಎಂಬ ಅರ್ಥ ಕೊಟ್ಟಿದ್ದಾರೆ. ಸೈನಿಕನ ಕಲಿಕೆಗೆ ಇದಕ್ಕಿಂತ ಹೊಂದುವ ಪದ ಯಾವುದಿದೆ?

ಇನ್ನು ‘ಸೇನಾ ತಂತ್ರಾಂಶ’ ಎಂಬುದಂತೂ ನಗೆಪಾಟಲು. ಹಳಗನ್ನಡದಲ್ಲಿ ತಂತ್ರವೆಂದರೆ ಸೈನ್ಯವೆಂದೂ ಅರ್ಥವಿದೆ. ಶಾಸನಗಳನ್ನು ಓದುವ ಯಾರಿಗಾದರೂ ನಿಮ್ಮ ಫಲಕ ‘ಸೇನೆಯ ಸೇನಾಭಾಗ’ ಎಂದು ಕಂಡೀತು.

ಗದಗದಿಂದ

ಶಾಸನ ಓದುವವರು ಆ ಕೋಣೆಗೆ ಬರುವುದಿಲ್ಲ. ತಾಲೀಮು ಎಂದು ಬರೆದರೆ ಕುಸ್ತಿ ಕಲಿಯಲು ಬಂದಾರು.

ಹಾವೇರಿಯಿಂದ

ಮಾನ್ಯರೇ, ನಾನು ಸೇನೆಯ ಶಿಕ್ಷಣ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಪದದ ಹುಟ್ಟನ್ನು ಇಷ್ಟು ಕೆದಕಿದ ನೀವಿಬ್ಬರೂ ಆ ತಂತ್ರಾಂಶ ಮಾಡುವ ಕೆಲಸವೇನೆಂದು ಕೇಳಲೇ ಇಲ್ಲ. ಸರಿಯಿಲ್ಲದ ಪದ ತರಬೇತಿಯಲ್ಲ, ‘ಪಠ್ಯ’.

ಶಾಲೆಯಲ್ಲಿ ಮೊದಲು ಪುಸ್ತಕವಿರುತ್ತದೆ, ಅದನ್ನು ಇಂತಿಷ್ಟು ವಾರಗಳಿಗೆ ಹಂಚಿದರೆ ಪಠ್ಯಕ್ರಮವಾಗುತ್ತದೆ. ಸೇನಾ ತರಬೇತಿಯಲ್ಲಿ ಮೊದಲು ಇರುವುದು ಕೆಲಸ. ಆ ಹುದ್ದೆಯವನು ಏನೇನು ಮಾಡಬೇಕೆಂದು ಪಟ್ಟಿ ಮಾಡಿ, ಪ್ರತಿಯೊಂದು ಕೆಲಸವನ್ನೂ ಎಂಥ ಸನ್ನಿವೇಶದಲ್ಲಿ, ಎಷ್ಟರ ಮಟ್ಟಿಗೆ ಮಾಡಿ ತೋರಿಸಿದರೆ ಕಲಿತನೆಂದು ಒಪ್ಪಬಹುದು ಎಂಬುದನ್ನು ಗೊತ್ತುಮಾಡಿದ ಮೇಲೆಯೇ ಪಾಠವನ್ನೂ ಪರೀಕ್ಷೆಯನ್ನೂ ಬರೆಯುತ್ತಾರೆ. ಈ ವಿಧಾನವನ್ನು 1975ರಲ್ಲಿ ಅಮೆರಿಕದ ಸೇನೆಗಾಗಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದವರು ವಿಶ್ಲೇಷಣೆ, ವಿನ್ಯಾಸ, ರಚನೆ, ಬಳಕೆ, ಮೌಲ್ಯಮಾಪನ-ನಿಯಂತ್ರಣ ಎಂಬ ಮೆಟ್ಟಿಲುಗಳಲ್ಲಿ ಕೂಡಿಸಿ ಕೊಟ್ಟರು. ಇಂಥ ತಂತ್ರಾಂಶಗಳು ಈ ಸರಪಳಿಯನ್ನೇ ಕಂಪ್ಯೂಟರಿನೊಳಗೆ ಹೆಣೆದಿಟ್ಟುಕೊಂಡಿರುತ್ತವೆ.

ನಿಮ್ಮ ಸಂಸ್ಥೆಯ ಹುಡುಗರದೇ ಉದಾಹರಣೆ ತೆಗೆದುಕೊಳ್ಳಿ. ಭರ್ತಿ ಮೈದಾನದಲ್ಲಿ 1.6 ಕಿಲೋಮೀಟರ್ ಓಡಬೇಕು, 9 ಅಡಿಯ ಹಳ್ಳ ಜಿಗಿಯಬೇಕು, ಕಂಬಿ ಹಿಡಿದು ಗದ್ದ ಮೇಲೆ ಬರುವಂತೆ ಮೈ ಎತ್ತಬೇಕು. ಇದರಲ್ಲಿ ಪಠಿಸುವುದು ಏನಿದೆ? ಓಟದ ಕಾಲಮಿತಿ ನಾಳೆ ಬದಲಾಯಿತೆನ್ನಿ. ವಹಿಯಲ್ಲಾದರೆ ಪಾಠಯೋಜನೆಯಲ್ಲಿ ತಿದ್ದಿದ್ದು ಪರೀಕ್ಷೆಯ ಹಾಳೆಗೆ ಬರುವುದಿಲ್ಲ. ಒಬ್ಬ ಹವಾಲ್ದಾರರು ಹೊಸ ಲೆಕ್ಕದಲ್ಲಿ ಓಡಿಸುತ್ತಾರೆ, ಇನ್ನೊಬ್ಬರು ಗಡಿಯಾರ ಹಿಡಿದು ಹಳೆಯ ಲೆಕ್ಕದಲ್ಲಿ ನಪಾಸು ಮಾಡುತ್ತಾರೆ. ಇದು ನನ್ನ ಕಣ್ಣೆದುರೇ ನಡೆದಿದೆ. ತಂತ್ರಾಂಶದಲ್ಲಿ ಒಂದು ಕಡೆ ತಿದ್ದಿದರೆ ಆ ಕೆಲಸಕ್ಕೆ ಜೋಡಿಸಿದ ಪಾಠ, ಪರೀಕ್ಷೆ, ವೇಳಾಪಟ್ಟಿಗಳೆಲ್ಲ ಪರಿಷ್ಕರಣೆ ಬೇಡುತ್ತಿವೆಯೆಂದು ಅದೇ ತೋರಿಸುತ್ತದೆ. ಹಣ ಕೊಟ್ಟು ತರಿಸುವುದು ಇದಕ್ಕಾಗಿ.

ಆದ್ದರಿಂದ ‘ತರಬೇತಿಕ್ರಮ’ ಎನ್ನಿ. ‘ಕರಿಕ್ಯುಲಮ್’ ಲ್ಯಾಟಿನಿನ ಓಟದ ಧಾತುವಿನಿಂದ ಬಂದರೆ ನಮ್ಮ ‘ಕ್ರಮ’ ಹೆಜ್ಜೆಯಿಡುವ ಧಾತುವಿನಿಂದ ಬಂದಿದೆ. ಸಿಪಾಯಿಗೆ ಎರಡೂ ಒಗ್ಗಿದವೇ. ‘ಅಭಿವೃದ್ಧಿ’ ಬೇಡ. ನಗರಕ್ಕೋ ಕೆರೆಗೋ ಅಭಿವೃದ್ಧಿಯಾದೀತು, ಪಾಠವನ್ನು ರಚಿಸುತ್ತಾರೆ. ಅಮೆರಿಕದ ನೌಕಾಪಡೆಯವರು ಈ ಕೆಲಸಕ್ಕೆ ಬಳಸುವ ‘ಎಐಎಮ್’ (ಆಥರಿಂಗ್ ಇನ್‌ಸ್ಟ್ರಕ್ಷನಲ್ ಮೆಟೀರಿಯಲ್ಸ್) ಎಂಬ ತಂತ್ರಾಂಶದ ಹೆಸರಿನಲ್ಲಿಯೂ ಇರುವುದು ‘ಆಥರಿಂಗ್’, ಅಂದರೆ ರಚನೆಯೇ. ತಂತ್ರಾಂಶದ ಬಗ್ಗೆ ಹುಬ್ಬಳ್ಳಿಯವರ ಆಕ್ಷೇಪ ಸ್ವಾರಸ್ಯವಾಗಿದೆ, ಆದರೆ ‘ಸೇನಾ’ ಎಂಬುದನ್ನು ಬಿಟ್ಟರೆ ಅದೂ ತೀರುತ್ತದೆ. ಸಂಸ್ಥೆ ಯಾವುದೆಂದು ಹೆಬ್ಬಾಗಿಲಲ್ಲೇ ಬರೆದಿರುವಾಗ ಒಳಕೋಣೆಗೆ ಅದು ಮತ್ತೆ ಯಾಕೆ?

ಗದಗದಿಂದ

ತರಬೇತಿ ಅರಬ್ಬಿ, ಕ್ರಮ ಸಂಸ್ಕೃತ. ‘ತರಬೇತಿಕ್ರಮ’ ಅರಿಸಮಾಸ. ನಾನು ಒಪ್ಪುವುದಿಲ್ಲ.

ಹುಬ್ಬಳ್ಳಿಯಿಂದ

ಅರಿಸಮಾಸಕ್ಕೆ ಹೆದರುವವರು ಮೊದಲು ‘ಮಂಗಳಾರತಿ ತಟ್ಟೆ’ ಹಿಡಿಯುವುದನ್ನು ಬಿಡಲಿ. ತಾಲೀಮನ್ನು ಯಾಕೆ ಕೈಬಿಟ್ಟಿರೆಂದು ಹಾವೇರಿಯವರು ಒಂದು ಮಾತೂ ಹೇಳಲಿಲ್ಲ.

ಕೇಳಿದವರಿಂದ

ಎಲ್ಲರಿಗೂ ನಮಸ್ಕಾರಗಳು. ಫಲಕಕ್ಕೆ ‘ತರಬೇತಿಕ್ರಮ ರಚನಾ ಕೊಠಡಿ’ ಎಂದು ಕಳಿಸಿದ್ದೇನೆ. ಅಧ್ಯಾಯದ ಶೀರ್ಷಿಕೆ ‘ತರಬೇತಿಕ್ರಮ ರಚನೆಗೆ ತಂತ್ರಾಂಶದ ಅಳವಡಿಕೆ’ ಎಂದಾಗಿದೆ. ‘ಅಳವಡಿಸುವಿಕೆ’ ಎಂದರೆ ಶೀರ್ಷಿಕೆ ಎರಡನೆಯ ಸಾಲಿಗೆ ಜಾರುತ್ತಿತ್ತು, ಗದಗದ ಹಿರಿಯರು ಕ್ಷಮಿಸಬೇಕು. ಕರಡನ್ನು ಸಂಸ್ಥೆಯ ಸುಬೇದಾರರಿಗೆ ಓದಿ ಹೇಳಿದಾಗ ಅವರು ಉಳಿದದ್ದನ್ನೆಲ್ಲ ಒಪ್ಪಿ, ‘ತಂತ್ರಾಂಶ’ ಎಂದರೇನೆಂದು ಕೇಳಿದರು. ಒಳಗಿನ ಪುಟಗಳಲ್ಲಿ ‘ಸಾಫ್ಟ್‌ವೇರ್’ ಎಂದೇ ಇಟ್ಟಿದ್ದೇನೆ.