ಬಡಾವಣೆಯ ಪಾರ್ಕಿನ ಜಾಗದಲ್ಲಿ ಸಮುದಾಯ ಭವನ ಕಟ್ಟಬಹುದೇ?

ಪ್ರಶ್ನೆ: ಹೊಂಗೆ ನೆರಳು

ನಮಸ್ಕಾರ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ರಚಿಸಿದ ಬಡಾವಣೆಯೊಂದರಲ್ಲಿ ನಾವು ಹದಿನಾಲ್ಕು ವರ್ಷಗಳಿಂದ ವಾಸವಾಗಿದ್ದೇವೆ. ನಮ್ಮ ಮನೆಯಿಂದ ಮೂರನೆಯ ತಿರುವಿನಲ್ಲಿ ಸುಮಾರು ಅರ್ಧ ಎಕರೆ ಜಾಗವಿದ್ದು, ಬಡಾವಣೆಯ ನಕ್ಷೆಯಲ್ಲಿ ಅದನ್ನು ಉದ್ಯಾನವೆಂದು ಗುರುತಿಸಲಾಗಿದೆ. ಆದರೆ ಇಷ್ಟು ವರ್ಷಗಳಾದರೂ ಅಲ್ಲಿ ಉದ್ಯಾನ ಆಗಲೇ ಇಲ್ಲ. ಒಂದು ಮೂಲೆಯಲ್ಲಿ ಮೂರು ಹೊಂಗೆ ಮರಗಳಿವೆ, ಅಂಚಿನುದ್ದಕ್ಕೂ ಪಾರ್ಥೇನಿಯಂ ಬೆಳೆದಿದೆ, ನಡುವೆ ಮಕ್ಕಳು ಕ್ರಿಕೆಟ್ ಆಡಿ ಆಡಿ ಹುಲ್ಲು ಸವೆದು ಕೆಮ್ಮಣ್ಣು ಕಾಣುವ ಪಟ್ಟಿಯೊಂದಿದೆ. ಕಳೆದ ತಿಂಗಳು ಇದ್ದಕ್ಕಿದ್ದಂತೆ ಸುತ್ತಲೂ ತಗಡಿನ ಶೀಟು ನಿಲ್ಲಿಸಿದರು. ವಿಚಾರಿಸಿದಾಗ, ಅಲ್ಲಿ ಎರಡು ಅಂತಸ್ತಿನ ಸಮುದಾಯ ಭವನ ಬರಲಿದೆ ಎಂಬ ಉತ್ತರ ಬಂತು.

ನಮ್ಮ ಸಂಘದ ಸಭೆಯಲ್ಲಿ ಅರ್ಧದಷ್ಟು ಜನ ಇದನ್ನು ಒಪ್ಪಿದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ನಾಮಕರಣ, ನಿಶ್ಚಿತಾರ್ಥಗಳಿಗೆ ಛತ್ರದ ಬಾಡಿಗೆ ಕೊಡುವುದು ಎಷ್ಟೋ ಮನೆಗಳಿಗೆ ಹೊರೆಯಾಗಿರುವುದು ನಿಜ. ಆದರೂ ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿ ನಮಗೆ ನಿವೇಶನ ಹಂಚಿದ ಮೇಲೆ ಹೀಗೆ ಬದಲಾಯಿಸಲು ಬರುತ್ತದೆಯೇ? ಬರುವುದಿಲ್ಲವೆಂದಾದರೆ ನೆರೆಹೊರೆಯವರೊಂದಿಗೆ ವೈಮನಸ್ಸು ಬೆಳೆಯದಂತೆ ಈ ವಿಷಯವನ್ನು ಹೇಗೆ ಮುಂದಿಡಬೇಕು? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ನಕ್ಷೆ ಓದುವವ

ಮೊದಲು ಕಾನೂನಿನ ಮಾತು. ಬಿಡಿಎ ಕಾಯ್ದೆಯ ಪ್ರಕಾರ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಶೇಕಡಾ 15ರಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ ಮೀಸಲಿಡಬೇಕು. ಅದಲ್ಲದೆ ನಾಗರಿಕ ಸೌಲಭ್ಯಗಳಿಗೆಂದು ಕನಿಷ್ಠ ಶೇಕಡಾ 10ರಷ್ಟನ್ನು ಬೇರೆಯಾಗಿ ಬಿಡಬೇಕು. ಇವೆರಡೂ ಬೇರೆ ಬೇರೆ ಲೆಕ್ಕ ಎಂಬುದನ್ನು ಗಮನಿಸಿ. ಸಮುದಾಯ ಭವನದಂಥ ಕಟ್ಟಡ ಬರಬೇಕಾದದ್ದು ನಾವು ಸಿ.ಎ. ಸೈಟ್ ಎಂದು ಕರೆಯುವ ಎರಡನೆಯ ಬಗೆಯ ಜಾಗದಲ್ಲಿ. ಉದ್ಯಾನಕ್ಕೆ ಮೀಸಲಾದ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರಿದರೆ ಅಥವಾ ಕೊಟ್ಟರೆ ಅದು ಅಸಿಂಧುವೆಂದು ಅದೇ ಕಾಯ್ದೆಯ 38ಎ ಕಲಮು ಹೇಳುತ್ತದೆ. ಇದಲ್ಲದೆ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ರಾಜ್ಯದಲ್ಲಿ 1985ರ ಪ್ರತ್ಯೇಕ ಕಾಯ್ದೆಯೂ ಇದೆ.

ನಿಮ್ಮದೇ ಊರಿನ ಪ್ರಕರಣವೊಂದು ನಿಮ್ಮ ಬೆನ್ನಿಗಿದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಹಂಚಿದಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಅವರ ನಡುವಿನ ಆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ನಿವಾಸಿಗಳ ಪರವಾಗಿ ತೀರ್ಪಿತ್ತಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಉದ್ಯಾನ ಕಳೆದುಕೊಳ್ಳುವ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದೂ ಸ್ಪಷ್ಟಪಡಿಸಿತು. ನಿಮ್ಮ ಸಂಘದವರು ಹೇಳುತ್ತಿರುವ ಮಾತಿಗೆ ಇದಕ್ಕಿಂತ ಹತ್ತಿರದ ಉತ್ತರ ಇನ್ನೊಂದಿಲ್ಲ.

ಹಾಗೆಂದು ನಾಳೆಯೇ ನ್ಯಾಯಾಲಯಕ್ಕೆ ಹೋಗಬೇಡಿ. ಅನುಮೋದಿತ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿಯನ್ನು ಮಾಹಿತಿ ಹಕ್ಕಿನ ಅರ್ಜಿಯ ಮೂಲಕ ಪಡೆಯಿರಿ. ಅದರಲ್ಲಿ ಸಿ.ಎ. ಸೈಟುಗಳು ಎಲ್ಲೆಲ್ಲಿವೆ, ಯಾವುದು ಇನ್ನೂ ಹಂಚಿಕೆಯಾಗಿಲ್ಲ ಎಂಬುದನ್ನು ನೋಡಿ. ಭವನಕ್ಕೆ ಬೇರೆ ಜಾಗ ತೋರಿಸಿದರೆ ನೆರೆಹೊರೆಯ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಉತ್ತರ: ಮಧ್ಯಾಹ್ನದ ನಡಿಗೆ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಉಳಿಸಿಕೊಂಡ ಜಾಗವನ್ನು ಏನು ಮಾಡುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಹದಿನಾಲ್ಕು ವರ್ಷ ಪಾರ್ಥೇನಿಯಂ ಬೆಳೆದ ಜಾಗವನ್ನು ಜನ ಖಾಲಿ ಜಾಗ ಎನ್ನುವುದು ಸಹಜ. ನಮ್ಮ ಬಡಾವಣೆಯಲ್ಲಿ ಹೋರಾಡಿ ಉಳಿಸಿಕೊಂಡ ಪಾರ್ಕಿನ ಕಥೆ ಕೇಳಿ. ಗುತ್ತಿಗೆ ಪಡೆದವರು ಇಂಟರ್‌ಲಾಕ್ ಇಟ್ಟಿಗೆಯನ್ನು ಮರಗಳ ಬುಡಕ್ಕೆ ಒತ್ತಿ ಹಾಕಿಬಿಟ್ಟರು. ಮಳೆಯ ನೀರು ಬೇರಿಗೆ ಇಳಿಯಲು ದಾರಿಯೇ ಇಲ್ಲದಾಯಿತು. ಎರಡನೆಯ ಬೇಸಿಗೆಗೆ ಮತ್ತಿಮರದ ತುದಿಯ ಕೊಂಬೆಗಳು ಒಣಗಿ, ತೊಗಟೆ ಬೆರಳಿಂದ ಎಬ್ಬಿಸಿದರೆ ಬರುವ ಹಾಗಾಯಿತು. ನಾವೇ ನಾಲ್ಕೈದು ಮಂದಿ ನಿಂತು ಬುಡದ ಸುತ್ತ ಎರಡು ಅಡಿ ಇಟ್ಟಿಗೆ ಕಿತ್ತು, ಒಣ ಎಲೆ ತುಂಬಿ ನೀರು ಬಿಟ್ಟೆವು; ಮರ ಚೇತರಿಸಿಕೊಂಡಿತು. ನಡೆಯುವ ಹಾದಿಗೆ ಗಟ್ಟಿಯಾಗಿ ದಮ್ಮಸು ಮಾಡಿದ ಮಣ್ಣೇ ಸಾಕು, ವಯಸ್ಸಾದವರ ಮಂಡಿಗೂ ಅದೇ ಹಿತ.

ಇನ್ನೊಂದು ವಿಷಯವನ್ನು ಮನಸ್ಸಿಗೆ ಹಚ್ಚಿಕೊಂಡೇ ಹೇಳುತ್ತಿದ್ದೇನೆ. ಎಷ್ಟೋ ಪಾರ್ಕುಗಳಿಗೆ ಬೆಳಿಗ್ಗೆ ಹತ್ತರ ನಂತರ ಬೀಗ ಬೀಳುತ್ತಿತ್ತು. ಆ ಹೊತ್ತಿನಲ್ಲಿ ನೆರಳು ಬೇಕಾದವರು ಯಾರು? ಎರಡು ಮನೆಗಳ ಕೆಲಸದ ನಡುವೆ ಅರ್ಧ ಗಂಟೆ ಬಿಡುವಿರುವ ಹೆಂಗಸರು, ಡೆಲಿವರಿ ಹುಡುಗರು, ಗಾಡಿಯಲ್ಲಿ ಸೊಪ್ಪು ಮಾರುವವರು. 2024ರಲ್ಲಿ ಆಗಿನ ನಗರ ಪಾಲಿಕೆಯಾದ ಬಿಬಿಎಂಪಿ ತನ್ನ ಉದ್ಯಾನಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ನಿರ್ಧಾರ ಮಾಡಿದಾಗ ನನಗೆ ಬಹಳ ಸಮಾಧಾನವಾಯಿತು. ನಿಮ್ಮ ಪಾರ್ಕಿಗೆ ಗೇಟು ಇಡುವಾಗ ಇದು ನೆನಪಿರಲಿ. ಮತ್ತು ಆ ಕೆಮ್ಮಣ್ಣಿನ ಪಟ್ಟಿಯನ್ನು ಮಕ್ಕಳಿಗೇ ಬಿಡಿ. ಅಲ್ಲಿ ಹುಲ್ಲುಹಾಸು ಮಾಡಿ ‘ಆಟವಾಡಬಾರದು’ ಎಂಬ ಫಲಕ ಹಾಕಬೇಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ನಕ್ಷೆಗೆ ಅರ್ಜಿ ಹಾಕಿದ್ದೇನೆ. ಅದು ಬರುವ ಮೊದಲೇ, ನಿವೇಶನ ಹಂಚಿಕೆಯಾದಾಗ ಕೊಟ್ಟಿದ್ದ ಹಳೆಯ ನಕ್ಷೆಯ ಜೆರಾಕ್ಸ್ ಪ್ರತಿಯೊಂದು ಪಕ್ಕದ ಮನೆಯವರ ಬೀರುವಿನಲ್ಲಿ ಸಿಕ್ಕಿತು. ನೀರಿನ ಟ್ಯಾಂಕಿನ ಹಿಂದಿನ ರಸ್ತೆಯಲ್ಲಿ ಸಿ.ಎ. ಸೈಟ್ ಒಂದನ್ನು ಅದರಲ್ಲಿ ಗುರುತಿಸಲಾಗಿದೆ. ಹೋಗಿ ನೋಡಿದೆವು, ಇನ್ನೂ ಬಯಲಾಗಿಯೇ ಇದೆ. ಭವನ ಬೇಕೆಂದು ಹೆಚ್ಚು ಒತ್ತಾಯಿಸುತ್ತಿದ್ದ ಹಿರಿಯರನ್ನೇ ಜೊತೆಗೆ ಕರೆದುಕೊಂಡು ಹೋಗಿದ್ದೆವು. ಭವನವನ್ನು ಆ ಸೈಟಿನಲ್ಲಿ ಕಟ್ಟಬೇಕು, ಪಾರ್ಕಿನ ಸುತ್ತಲಿನ ತಗಡನ್ನು ತೆಗೆಸಬೇಕು ಎಂಬ ಮನವಿಗೆ ಮೊದಲ ಸಹಿ ಅವರದೇ. ಭಾನುವಾರ ಮನೆ ಮನೆಗೆ ಹೋಗಿ ಉಳಿದ ಸಹಿಗಳನ್ನು ಪಡೆಯುತ್ತೇವೆ; ಉತ್ತರ ಬಂದ ಕೂಡಲೇ ಇಲ್ಲಿ ತಿಳಿಸುತ್ತೇನೆ.