ಬ್ಯಾಂಡಿನ ಬಣ್ಣ ಬಿಡಿ, ಲೈಬ್ರರಿಯಿಂದ ಏನು ತರುತ್ತಾಳೆ ನೋಡಿ

ಬೆಂಗಳೂರಿನಿಂದ ಇಂಗ್ಲೆಂಡಿಗೆ ಬಂದು ಇಯರ್ ಟೂ (ಆರು-ಏಳು ವರ್ಷದವರ ತರಗತಿ) ಸೇರಿದ ಮಗಳು ಓದುವ ಪುಸ್ತಕಗಳ ಬಣ್ಣದ ಹಂತಗಳಲ್ಲಿ ಇನ್ನೂ ಆರೆಂಜ್ ಬ್ಯಾಂಡಿನಲ್ಲೇ ಇದ್ದಾಳೆ, ಜೊತೆಯವರೆಲ್ಲ ಅದಕ್ಕಿಂತ ಮೇಲಿನ ಗೋಲ್ಡ್ ಮುಟ್ಟಿದ್ದಾರೆ, ಟ್ಯೂಷನ್‌ಗೆ ಹಾಕೋದಾ ಅಂತ ಕೇಳಿದ್ದೀರಲ್ಲ, ನನ್ನ ಕೇಳಿದರೆ ಬೇಡ. ಬ್ಯಾಂಡ್ ಇರುವುದು ಟೀಚರ್‌ಗೆ, ಯಾವ ಮಗುವಿಗೆ ಮುಂದೆ ಯಾವ ಪುಸ್ತಕ ಕೊಡಬೇಕು ಅಂತ ತಿಳಿಯಲಿಕ್ಕೆ. ನಾವು ಅದನ್ನು ರ‍್ಯಾಂಕ್ ಮಾಡಿಕೊಂಡುಬಿಡುತ್ತೇವೆ.

ಶಾಲೆಯಲ್ಲಿ ಲೈಬ್ರರಿ ಇದೆಯಾ, ಅಲ್ಲಿಂದ ಅವಳೇ ಆರಿಸಿ ಪುಸ್ತಕ ತರುತ್ತಾಳಾ ಅಂತ ಮೊದಲು ವಿಚಾರಿಸಿ. ಇಂಗ್ಲೆಂಡಿನಲ್ಲಿ ಜೈಲಿಗೆ ಲೈಬ್ರರಿ ಕಡ್ಡಾಯ, ಶಾಲೆಗೆ ಅಂಥ ಕಾನೂನೇ ಇಲ್ಲ. ಪ್ರತಿ ಪ್ರೈಮರಿ ಶಾಲೆಗೂ ಲೈಬ್ರರಿ ಕೊಡುತ್ತೇವೆ ಅಂತ ಆಗಿನ ಬ್ರಿಟನ್ ಹಣಕಾಸು ಸಚಿವೆ ರೇಚೆಲ್ ರೀವ್ಸ್ ಮಾತು ಕೊಟ್ಟಿದ್ದೇ 2025ರ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಇದೆ ಅಂತ ಅಂದುಕೊಳ್ಳಬೇಡಿ, ಕೇಳಿ.

ಮಗನ ಶಾಲೆಯ ಲೈಬ್ರರಿಗೆ ನಾನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ವಾಲಂಟಿಯರ್ ಆಗಿ ಹೋಗುತ್ತೇನೆ. ಅಲ್ಲಿನ ಲೈಬ್ರೇರಿಯನ್ ಪುಸ್ತಕಗಳನ್ನು ಬೆನ್ನು ತೋರಿಸಿ ತುರುಕಿಡುವುದಿಲ್ಲ, ಮುಖಪುಟ ಕಾಣುವ ಹಾಗೆ ಮಕ್ಕಳ ಎತ್ತರಕ್ಕೆ ನಿಲ್ಲಿಸುತ್ತಾರೆ. ಓದಿದ ಮಕ್ಕಳೇ ಚೀಟಿ ಬರೆದು ಶೆಲ್ಫಿಗೆ ಅಂಟಿಸುತ್ತಾರೆ. ಶಾರ್ಕ್ ಪುಸ್ತಕದ ಕೆಳಗೆ ವಕ್ರ ಅಕ್ಷರದಲ್ಲಿ ‘ಹಲ್ಲಿನ ಪುಟ ಮಿಸ್ ಮಾಡಬೇಡಿ’ ಅಂತಿದೆ, ಆ ಪುಸ್ತಕ ಶೆಲ್ಫಿನಲ್ಲಿ ನಿಂತದ್ದೇ ಕಡಿಮೆ. ಇಂಗ್ಲಿಷ್ ಇನ್ನೂ ಬಾರದ ಹುಡುಗನೊಬ್ಬ ಅದನ್ನೇ ಮತ್ತೆ ಮತ್ತೆ ಒಯ್ಯುತ್ತಿದ್ದ. ಬೇರೆ ತಗೋ ಅಂತ ಯಾರೂ ಅನ್ನಲಿಲ್ಲ. ಈಗ ಚಿತ್ರದ ಕೆಳಗಿನ ಸಾಲುಗಳನ್ನು ಪಕ್ಕದವನಿಗೆ ಓದಿ ಹೇಳುತ್ತಾನೆ. ನಾವಾಗಿದ್ದರೆ ‘ಇದನ್ನು ಓದಿ ಆಯ್ತಲ್ಲ, ದಪ್ಪದ್ದು ತಗೋ’ ಅನ್ನುತ್ತಿದ್ದೆವು. ಕಾಮಿಕ್ಸ್ ತಂದರೂ, ಫುಟ್‌ಬಾಲ್ ಪುಸ್ತಕ ತಂದರೂ ದಯವಿಟ್ಟು ಮುಖ ಸಿಂಡರಿಸಬೇಡಿ.

ಬೇಸಿಗೆ ರಜೆಯಲ್ಲಿ ಊರಿನ ಪಬ್ಲಿಕ್ ಲೈಬ್ರರಿಯ ಸಮ್ಮರ್ ರೀಡಿಂಗ್ ಚಾಲೆಂಜ್‌ಗೆ, ಅಂದರೆ ರಜೆಯಲ್ಲಿ ಮಕ್ಕಳಿಗೆ ಓದುವ ಹುರುಪು ಹಚ್ಚುವ ಕಾರ್ಯಕ್ರಮಕ್ಕೆ, ಹೆಸರು ಕೊಡಿ. 1999ರಿಂದ ನಡೆದುಕೊಂಡು ಬಂದಿದೆ, ಪೂರ್ತಿ ಉಚಿತ.

ಇನ್ನು ಕನ್ನಡ. ಕನ್ನಡ ಮಾತಾಡಿದರೆ ಇಂಗ್ಲಿಷ್ ಹಿಂದೆ ಬೀಳುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮನೆಯಲ್ಲಿ ಕನ್ನಡದಲ್ಲೇ ಕಥೆ ಓದಿ ಹೇಳಿ. ಕಥೆಯಲ್ಲಿ ಮುಂದೇನಾಗಬಹುದು ಅಂತ ಊಹಿಸುವುದನ್ನು ಮಗು ಯಾವ ಭಾಷೆಯಲ್ಲಿ ಕಲಿತರೂ ಇನ್ನೊಂದಕ್ಕೆ ಬರುತ್ತದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಮಕ್ಕಳ ಕನ್ನಡ ಕಥೆಗಳು ಚಿತ್ರಸಮೇತ ಬೇಕಾದಷ್ಟಿವೆ. ಮುಕ್ತ ಪರವಾನಗಿ ಇರುವುದರಿಂದ ಪ್ರಿಂಟ್ ಹಾಕಿ ಹಂಚಬಹುದು. ಅದೇ ಕಥೆಯ ಇಂಗ್ಲಿಷ್ ರೂಪವೂ ಬಹಳಷ್ಟಕ್ಕೆ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಪಿನ್ ಮಾಡಿ ನಮ್ಮ ಲೈಬ್ರರಿಗೆ ಕೊಟ್ಟೆ, ಲೈಬ್ರೇರಿಯನ್ ಖುಷಿಯಿಂದ ಇಟ್ಟುಕೊಂಡರು. ನಮ್ಮ ಅಕ್ಷರ ಶಾಲೆಯ ಶೆಲ್ಫಿನಲ್ಲಿ ಕಂಡಾಗ ಮಗ ಗೆಳೆಯರನ್ನು ಎಳೆದುಕೊಂಡು ಬಂದು ತೋರಿಸಿದ.

ವಾಲಂಟಿಯರ್ ಆಗಬೇಕೆಂದರೆ ಶಾಲೆಯ ಆಫೀಸಿನಲ್ಲಿ ಕೇಳಿ, ಸಾಮಾನ್ಯವಾಗಿ ಡಿಬಿಎಸ್ ಚೆಕ್ (ಅಪರಾಧದ ಹಿನ್ನೆಲೆ ಇದೆಯಾ ಅನ್ನುವ ಪರಿಶೀಲನೆ) ಮಾಡಿಸುತ್ತಾರೆ. ನಾನು ಪ್ರಿಂಟ್ ಹಾಕಿದ ಕಥೆಗಳ ಪಟ್ಟಿ ಬೇಕಾದವರು ಇಲ್ಲೇ ಹೇಳಿ, ಮಗುವಿನ ವಯಸ್ಸೂ ತಿಳಿಸಿ.