ಅಪ್‌ಡೇಟ್: ಎರೆ ಮಣ್ಣಿನ ಊರಿನ ಬಚ್ಚಲು ನೀರು

ಹುನಗುಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಮನೆಗೊಂದು ಇಂಗುಗುಂಡಿ ತೋಡಿದರೆ ಬಚ್ಚಲು ನೀರಿನ ಕಾಟ ತೀರುತ್ತದೆಯೇ ಎಂದು ಕೇಳಿದ್ದೆ. ಎರೆ ಮಣ್ಣಿಗೆ ಅದು ಒಗ್ಗದು ಎಂದವರ ಮಾತೇ ನಿಜವಾಯಿತು. ನೆನೆದೊಡನೆ ಉಬ್ಬಿ ರಂಧ್ರ ಮುಚ್ಚಿಕೊಳ್ಳುವ ಮಣ್ಣು ಇದು. ಪರೀಕ್ಷೆಗೆ ತೋಡಿದ ಗುಂಡಿಯಲ್ಲಿ ನೀರು ಮರುದಿನವೂ ನಿಂತಿತ್ತು, ಸೊಳ್ಳೆಗಳಿಗೆ ಹಬ್ಬ.

ಈಗ ಚರಂಡಿಯ ಕೊನೆಯಲ್ಲಿ ಜಾಲರಿ, ಹೂಳು ತಂಗುವ ತೊಟ್ಟಿ, ಅದರಾಚೆ ಕ್ಯಾನಾ ಎಂಬ ಹೂಗಿಡ ನೆಟ್ಟ ಜಲ್ಲಿಯ ಪಾತಿ ಇವೆ. ನೀರು ಜಲ್ಲಿಯೊಳಗೇ ಹರಿಯುವುದರಿಂದ ಸೊಳ್ಳೆಗೆ ಜಾಗವಿಲ್ಲ. ಹೊಗಳಿಕೆಯೆಲ್ಲ ಹೂವಿಗೆ, ಕೊಳೆಯನ್ನು ಹೆಚ್ಚಾಗಿ ಕರಗಿಸುವುದು ಕಲ್ಲಿಗಂಟಿದ ಬ್ಯಾಕ್ಟೀರಿಯಾ! ಹೊರಬಂದ ನೀರನ್ನು ಮೇವಿನ ಹುಲ್ಲಿಗೆ ಬಿಡುತ್ತೇವೆ, ತರಕಾರಿಗಲ್ಲ.

ಶೌಚಾಲಯದ ನೀರು ಇದಕ್ಕೆ ಸೇರುವಂತಿಲ್ಲ. ಆದರೂ ಯಾರೋ ಗುಟ್ಟಾಗಿ ಪೈಪು ಜೋಡಿಸಿದ್ದಾರೆ, ಜಗಳ ನಡೆದಿದೆ. ತೊಟ್ಟಿಯ ಹೂಳನ್ನು ಎತ್ತುವವರು ಯಾರೆಂಬುದೂ ಇನ್ನೂ ತೀರ್ಮಾನವಾಗಿಲ್ಲ.